ಜಿಂಕೆಗೂ ಎಲ್ಕ್‌ಗೂ ಒಂದೇ ರೈಫಲ್: ಯಾವ ಕಾಡತೂಸು ಸರಿ?

ಪ್ರಶ್ನೆ: ನಾವು ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಡೆನ್ವರ್ ಪಕ್ಕದ ಅರೋರಾದಲ್ಲಿ ಇದ್ದೇವೆ. ಊರು ಮಡಿಕೇರಿ ಕಡೆ. ಮನೆಯಲ್ಲಿ ಕೋವಿ ಇತ್ತು. ಆದರೆ ಕೈಲ್ ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದದ್ದು ಬಿಟ್ಟರೆ ನನಗೆ ಬೇರೆ ಅನುಭವ ಇಲ್ಲ. ಈಗ ನಾನೂ ಹೆಂಡತಿಯೂ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದ್ದೇವೆ. ಈ ವರ್ಷ ಜಿಂಕೆಯಂಥ ಪ್ರಾಂಗ್‌ಹಾರ್ನ್ ಅಥವಾ ಮ್ಯೂಲ್ ಡಿಯರ್ ಅನ್ನುವ ಜಿಂಕೆ, ಮುಂದಿನ ವರ್ಷ ಕಡವೆಯಷ್ಟು ದೊಡ್ಡ ಎಲ್ಕ್ ಅಂತ ಯೋಚನೆ. ಅಂಗಡಿಯವರು '.300 ವಿನ್‌ಚೆಸ್ಟರ್ ಮ್ಯಾಗ್ನಮ್ ತಗೊಳ್ಳಿ, ಎಲ್ಲಕ್ಕೂ ಆಗುತ್ತೆ' ಅಂತಾರೆ. ಆಫೀಸಿನ ಗೆಳೆಯ 6.5 ಕ್ರೀಡ್‌ಮೂರ್ ಸಾಕು ಅಂತಾನೆ. ಇಬ್ಬರಿಗೂ ಸೇರಿ ಒಂದೇ ರೈಫಲ್ ಕೊಳ್ಳಬೇಕು. ಹೆಂಡತಿ ಸಣ್ಣ ಮೈಕಟ್ಟಿನವಳು. ನಾನಿನ್ನೂ ಎಚ್-1ಬಿ ವೀಸಾದಲ್ಲೇ ಇದ್ದೇನೆ. ಏನು ಮಾಡಲಿ?

ಉತ್ತರ: ನಾನಾಗಿದ್ದರೆ 7ಎಂಎಂ-08 ರೆಮಿಂಗ್ಟನ್ ಕೊಳ್ಳುತ್ತಿದ್ದೆ. ನಿಮ್ಮ ಗೆಳೆಯ ಹೇಳಿದ್ದು ತಪ್ಪಲ್ಲ, 6.5 ಕ್ರೀಡ್‌ಮೂರ್ ಕೂಡ ನಡೆಯುತ್ತದೆ. ಅಂಗಡಿಯವರು ಹೇಳಿದ ಕಾಡತೂಸು ಒಳ್ಳೆಯದೇ, ಆದರೆ ನಿಮ್ಮಿಬ್ಬರ ಕೈಗೆ ಅಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರಾಣಿ ದೊಡ್ಡದಾದಷ್ಟೂ ಕಾಡತೂಸೂ ದೊಡ್ಡದಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಪ್ರಾಣಿ ಬೀಳುವುದು ಗುಂಡು ಹೃದಯ ಅಥವಾ ಶ್ವಾಸಕೋಶದೊಳಗೆ ಹಾದುಹೋದಾಗ. ಪ್ರಾಂಗ್‌ಹಾರ್ನ್, ಮ್ಯೂಲ್ ಡಿಯರ್‌ಗಳಲ್ಲಿ ಆ ಜಾಗ ಸುಮಾರು 8 ಅಂಗುಲ ಅಗಲ. ಎಲ್ಕ್‌ನಲ್ಲಿ ಸುಮಾರು ಒಂದು ಅಡಿ. ಅಲ್ಲಿಗೆ ಬಿದ್ದ ಸಾಧಾರಣ ಗುಂಡು ಎಲ್ಕ್ ಅನ್ನೂ ಕೆಡವುತ್ತದೆ. ಹೊಟ್ಟೆಗೆ ಬಿದ್ದ ಮ್ಯಾಗ್ನಮ್ ಗುಂಡು ಜಿಂಕೆಯನ್ನೂ ತಕ್ಷಣ ಕೆಡವುವುದಿಲ್ಲ. ಅದು ಓಡಿಹೋಗಿ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ ಪ್ರಾಣಿಯ ಬಗ್ಗೆ ಅಲ್ಲ, ನಿಮ್ಮ ಭುಜದ ಬಗ್ಗೆ. ಕಣ್ಣು ಮುಚ್ಚದೆ, ಮೈ ಬಿಗಿ ಹಿಡಿಯದೆ ಎಷ್ಟು ಒದೆತ ತಡೆದುಕೊಳ್ಳಬಲ್ಲಿರಿ?

ಗುಂಡಿನ ಶಕ್ತಿಯನ್ನು ಅಳೆಯುವುದು ಅಡಿ-ಪೌಂಡ್ ಅನ್ನುವ ಮಾನದಲ್ಲಿ, ಒದೆತದ ಲೆಕ್ಕವನ್ನೂ ಅದರಲ್ಲೇ ಹಾಕುತ್ತಾರೆ. ರೈಫಲ್‌ನ ತೂಕದ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ. ಸುಮಾರು 8 ಪೌಂಡ್ ತೂಗುವ ರೈಫಲ್ ಅಂದುಕೊಂಡರೆ, .243 ವಿನ್‌ಚೆಸ್ಟರ್ 9ರ ಹತ್ತಿರ. 6.5 ಕ್ರೀಡ್‌ಮೂರ್, 7ಎಂಎಂ-08 ಎರಡೂ 12-13. .270 ಮತ್ತು .308 ವಿನ್‌ಚೆಸ್ಟರ್ 17ರ ಆಸುಪಾಸು. .30-06 ಸ್ಪ್ರಿಂಗ್‌ಫೀಲ್ಡ್ 20. .300 ವಿನ್‌ಚೆಸ್ಟರ್ ಮ್ಯಾಗ್ನಮ್ 26ರ ಹತ್ತಿರ, ಅಂದರೆ 7ಎಂಎಂ-08ರ ಎರಡು ಪಟ್ಟು. ಹೊಸಬರಲ್ಲಿ ಹೆಚ್ಚಿನವರು 20 ದಾಟಿದ ಮೇಲೆ ತಮಗೆ ಗೊತ್ತಿಲ್ಲದೆಯೇ ಟ್ರಿಗರ್ ಒತ್ತುವ ಮೊದಲೇ ಬೆಚ್ಚುತ್ತಾರೆ. ನಳಿಗೆ ಕೆಳಕ್ಕೆ ಸರಿಯುತ್ತದೆ, ಗುಂಡು ಒಂದು ಗೇಣು ಕೆಳಗೆ ಹೋಗುತ್ತದೆ. 'ನನಗೆ ಒದೆತ ಗೊತ್ತೇ ಆಗಲ್ಲ' ಅನ್ನುವವರನ್ನು ಪರೀಕ್ಷಿಸುವುದು ಸುಲಭ. ಅವರಿಗೆ ಗೊತ್ತಾಗದ ಹಾಗೆ ಜೊತೆಗಿದ್ದವರು ಮ್ಯಾಗಜೀನ್‌ನಲ್ಲಿ ನಿಜವಾದ ಕಾಡತೂಸುಗಳ ನಡುವೆ ಮದ್ದಿಲ್ಲದ ಒಂದು ಡಮ್ಮಿ ಸೇರಿಸಬೇಕು. ಡಮ್ಮಿ ಬಂದಾಗ ಕ್ಲಿಕ್ ಅಂದು ಸುಮ್ಮನಾಗುತ್ತದೆ. ಆದರೂ ನಳಿಗೆಯ ತುದಿ ಜಗ್ಗಿದರೆ, ಬೆಚ್ಚುವ ಅಭ್ಯಾಸ ಇದೆ ಅಂತಲೇ ಲೆಕ್ಕ.

ನಳಿಗೆಯ ಬಾಯಿಗೆ ಮಸಲ್ ಬ್ರೇಕ್ ಅನ್ನುವ ತೂತುಗಳ ತುಂಡು ಹಾಕಿಸಿ ಒದೆತ ಕಡಿಮೆ ಮಾಡಬಹುದು ಅಂತ ಅಂಗಡಿಯವರು ಹೇಳಿಯಾರು. ಮಾಡಬಹುದು. ಆದರೆ ಸದ್ದು ಹಿಂದಕ್ಕೇ ಬರುತ್ತದೆ. ಪಕ್ಕದಲ್ಲಿ ನಿಂತವರ ಕಿವಿ ಹಾಳಾಗುತ್ತದೆ. ಗಂಡ ಹೆಂಡತಿ ಒಟ್ಟಿಗೆ ಹೋಗುವವರಿಗೆ ನಾನಂತೂ ಅದನ್ನು ಹೇಳುವುದಿಲ್ಲ.

ಈಗ ಈ ನಂಬರುಗಳ ಗೊಂದಲ. ಹೊಸಬರನ್ನು ಹೆದರಿಸುವುದೇ ಇದು, ಅಲ್ವಾ? ಅವನ್ನು ಕುಟುಂಬಗಳ ಹಾಗೆ ನೋಡಿದರೆ ಸುಲಭ. 1906ರಲ್ಲಿ ಅಮೆರಿಕದ ಸೈನ್ಯ ತಂದ .30-06 ಒಂದು ಮನೆಯ ಹಿರಿಯ. ಅದರ ಪಿತ್ತಾಳೆ ಕೇಸಿನ ಕತ್ತನ್ನು ಕಿರಿದು ಮಾಡಿ 1925ರಲ್ಲಿ .270 ಬಂತು. 1952ರ .308 ಇನ್ನೊಂದು ಮನೆ. ಕೇಸು ಗಿಡ್ಡ, ಶಕ್ತಿ .30-06ಗಿಂತ ಸ್ವಲ್ಪವೇ ಕಡಿಮೆ. .308ರ ಕತ್ತು ಕಿರಿದು ಮಾಡಿ 1955ರಲ್ಲಿ .243, 1980ರಲ್ಲಿ 7ಎಂಎಂ-08 ಬಂದವು. 6.5 ಕ್ರೀಡ್‌ಮೂರ್ ಮಾತ್ರ ಬೇರೆ ಮನೆಯದು, 2007ರ ಮಗು. .308, .30-06, .300 ಮ್ಯಾಗ್ನಮ್ ಮೂರಕ್ಕೂ ಗುಂಡಿನ ದಪ್ಪ ಒಂದೇ, 0.308 ಅಂಗುಲ. ಹಿಂದೆ ಮದ್ದು ಹಿಡಿಸುವ ಜಾಗ ಮಾತ್ರ ಬೇರೆ. ಮ್ಯಾಗ್ನಮ್ ಕೊಂಡರೆ ಜಾಸ್ತಿ ಸಿಗುವುದು ವೇಗ. ಅದರ ಜೊತೆಗೆ ಒದೆತ, ಸದ್ದು, ಉದ್ದನೆಯ ಭಾರದ ನಳಿಗೆ, ದುಬಾರಿ ಕಾಡತೂಸು.

ಆ ವೇಗ ಎಷ್ಟು ಉಪಯೋಗಕ್ಕೆ ಬರುತ್ತದೆ? 180 ಗ್ರೇನ್ ತೂಕದ ಗುಂಡು .30-06ರಿಂದ ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹೊರಡುತ್ತದೆ, .300 ಮ್ಯಾಗ್ನಮ್‌ನಿಂದ 2,960. ನಳಿಗೆಯ ಬಾಯಲ್ಲಿ ಶಕ್ತಿ ಮೊದಲನೆಯದಕ್ಕೆ 2,900 ಅಡಿ-ಪೌಂಡ್, ಎರಡನೆಯದಕ್ಕೆ 3,500. 7ಎಂಎಂ-08ರ 140 ಗ್ರೇನ್ ಗುಂಡಿಗೆ ಸುಮಾರು 2,440. 300 ಗಜ ದಾಟುವಾಗ ಅದರಲ್ಲಿ 1,500ರ ಆಸುಪಾಸು ಉಳಿದಿರುತ್ತದೆ. ಜಿಂಕೆಗೆ 1,000, ಎಲ್ಕ್‌ಗೆ 1,500 ಅಡಿ-ಪೌಂಡ್ ಬೇಕು ಅಂತ ಹಳೆಯ ಬೇಟೆಗಾರರ ಅಂದಾಜು ಒಂದಿದೆ. ಅದು ಅಂದಾಜು ಮಾತ್ರ, ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಆದರೂ ಆ ಲೆಕ್ಕದಲ್ಲೇ 7ಎಂಎಂ-08 300 ಗಜದವರೆಗೆ ಎಲ್ಕ್‌ಗೆ ಸಾಕಾಗುತ್ತದೆ. ಮೊದಲ ಕೆಲವು ವರ್ಷ ನೀವು ಅದಕ್ಕಿಂತ ದೂರಕ್ಕೆ ಹೊಡೆಯಲೇಬಾರದು. ಹಾಗಾಗಿ ಮ್ಯಾಗ್ನಮ್‌ನ ಲಾಭ ಶುರುವಾಗುವ ಜಾಗಕ್ಕೆ ನೀವು ತಲುಪುವುದೇ ಇಲ್ಲ.

ಕೊಲರಾಡೊದ ಕಾನೂನು ಇನ್ನೂ ಸರಳ. ದೊಡ್ಡ ಪ್ರಾಣಿಗೆ ರೈಫಲ್ ನಳಿಗೆಯ ಒಳ ಅಳತೆ ಕನಿಷ್ಠ .24 ಅಂಗುಲ ಇರಬೇಕು. ಜಿಂಕೆ, ಪ್ರಾಂಗ್‌ಹಾರ್ನ್, ಕರಡಿಗೆ ಗುಂಡು ಕನಿಷ್ಠ 70 ಗ್ರೇನ್, ಎಲ್ಕ್‌ಗೆ ಮತ್ತು ಅದಕ್ಕಿಂತಲೂ ದೊಡ್ಡ, ಜಿಂಕೆ ಜಾತಿಯದೇ ಆದ ಮೂಸ್‌ಗೆ 85 ಗ್ರೇನ್. 100 ಗಜದಲ್ಲಿ 1,000 ಅಡಿ-ಪೌಂಡ್ ಉಳಿದಿರಬೇಕು. ಒಳಗೆ ಹೋಗಿ ಅರಳುವ ಗುಂಡೇ ಆಗಿರಬೇಕು, ಸೈನ್ಯದವರು ಬಳಸುವ ಗಟ್ಟಿ ಕವಚದ ಗುಂಡು ನಡೆಯುವುದಿಲ್ಲ. .223ರಲ್ಲಿ ಜಿಂಕೆ ಹೊಡೆದೆ ಅಂತ ಟೆಕ್ಸಾಸ್‌ನ ಗೆಳೆಯರು ಹೇಳಿದರೆ ಅಲ್ಲಿ ಅದು ಸರಿ, ಇಲ್ಲಿ ತಪ್ಪು. ಪ್ರತಿ ವರ್ಷ ರಾಜ್ಯದ ವನ್ಯಜೀವಿ ಇಲಾಖೆ ಹೊರಡಿಸುವ ನಿಯಮದ ಪುಸ್ತಿಕೆಯನ್ನು ಬೇಟೆ ಲೈಸೆನ್ಸ್‌ಗೆ ಅರ್ಜಿ ಹಾಕುವ ಮೊದಲೇ ಓದಿ.

ಗುಂಡಿನ ಮಾತು ಬಂತಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾಡತೂಸಿನ ಹೆಸರಿಗೆ ಹೊಡೆದಾಡುವ ಜನ ಅದರ ತುದಿಯಲ್ಲಿ ಕೂತ ಗುಂಡನ್ನು ಮರೆತುಬಿಡುತ್ತಾರೆ. 1946ರಲ್ಲಿ ಜಾನ್ ನೋಸ್ಲರ್ ಅನ್ನುವವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ದೊಡ್ಡ ಗಂಡು ಮೂಸ್‌ಗೆ ಹೊಡೆದರು. ಕೈಯಲ್ಲಿದ್ದದ್ದು .300 ಎಚ್ ಆಂಡ್ ಎಚ್ ಮ್ಯಾಗ್ನಮ್, ಆ ಕಾಲಕ್ಕೆ ಭಾರೀ ವೇಗದ ಕಾಡತೂಸು. ಮೂಸ್‌ನ ಮೈಗೆ ಕೆಸರು ಮೆತ್ತಿ ಒಣಗಿತ್ತು. ಗುಂಡುಗಳು ಚರ್ಮದ ಹತ್ತಿರವೇ ಒಡೆದುಹೋದವು, ಒಳಗೆ ಇಳಿಯಲೇ ಇಲ್ಲ. ಶಕ್ತಿಗೆ ಏನೂ ಕೊರತೆ ಇರಲಿಲ್ಲ, ಗುಂಡು ಕೈಕೊಟ್ಟಿತ್ತು. ಅವರು ವಾಪಸ್ ಬಂದು ಮಧ್ಯದಲ್ಲಿ ಅಡ್ಡ ಗೋಡೆ ಇರುವ ಗುಂಡು ಮಾಡಿದರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. ನೋಸ್ಲರ್ ಪಾರ್ಟಿಷನ್ ಅಂತ ಅದು ಇವತ್ತಿಗೂ ಸಿಗುತ್ತದೆ.

ಈಗ ಅಂಗಡಿಯಲ್ಲಿ ಸಿಗುವ ಗುಂಡುಗಳನ್ನು ನಾನು ನಾಲ್ಕು ತರ ಮಾಡಿ ನೋಡುತ್ತೇನೆ. ಒಂದು, ಪ್ರೇರಿ ಡಾಗ್, ಕಯೋಟಿಯಂಥ ಸಣ್ಣ ಪ್ರಾಣಿಗೆ ಮಾಡಿದ ತೆಳು ಗುಂಡು. ತಾಗಿದ ಕೂಡಲೇ ಪುಡಿಯಾಗುತ್ತದೆ, ದೊಡ್ಡ ಪ್ರಾಣಿಗೆ ಅದನ್ನು ಮುಟ್ಟಲೂಬೇಡಿ. ಎರಡು, ಸೀಸದ ಮೂತಿ ತೆರೆದಿರುವ ಸಾಧಾರಣ ಸಾಫ್ಟ್ ಪಾಯಿಂಟ್. ಅಗ್ಗ, ಜಿಂಕೆಗೆ ಧಾರಾಳ ಸಾಕು. ಮೂರು, ಸೀಸವನ್ನು ತಾಮ್ರದ ಕವಚಕ್ಕೆ ಬೆಸೆದ ಬಾಂಡೆಡ್ ಗುಂಡು, ಪಾರ್ಟಿಷನ್ ಕೂಡ ಇದೇ ಸಾಲಿನದು. ಮೂಳೆ ಸಿಕ್ಕರೂ ತೂಕ ಉಳಿಸಿಕೊಂಡು ಒಳಗೆ ಹೋಗುತ್ತದೆ. ಎಲ್ಕ್‌ಗೆ ಇದು ಸರಿ. ನಾಲ್ಕು, ಸೀಸವೇ ಇಲ್ಲದ ಪೂರ್ತಿ ತಾಮ್ರದ ಗುಂಡು. ಆಳಕ್ಕೆ ಇಳಿಯುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಅರಳಲು ವೇಗ ಬೇಕು, ಅದಕ್ಕೇ ಸ್ವಲ್ಪ ಹಗುರದ್ದನ್ನು ಆರಿಸಬೇಕು. 7ಎಂಎಂ-08ಗೆ 120 ಗ್ರೇನಿನ ತಾಮ್ರದ ಗುಂಡು ಪ್ರಾಂಗ್‌ಹಾರ್ನ್‌ಗೂ ಆಗುತ್ತದೆ, ಎಲ್ಕ್‌ಗೂ ಆಗುತ್ತದೆ. ನಿಮಗೆ ನಾನು ಹೇಳುವುದು ಇದನ್ನೇ. ಇನ್ನೊಂದು ಕಾರಣವೂ ಇದೆ. ಸೀಸದ ಗುಂಡು ಒಡೆದಾಗ ಕಣ್ಣಿಗೆ ಕಾಣದ ಚೂರುಗಳು ಮಾಂಸದಲ್ಲಿ ದೂರದವರೆಗೆ ಹರಡುತ್ತವೆ. ಆ ಮಾಂಸವನ್ನು ಮನೆಯಲ್ಲಿ ತಿನ್ನುವವರು ನೀವೇ ತಾನೆ? ಬೇಟೆಗಾರರು ಬಿಟ್ಟುಹೋದ ಕರುಳು-ಮಾಂಸದಲ್ಲಿನ ಸೀಸ ತಿಂದು ಕಾಂಡೊರ್ ಹದ್ದುಗಳು ಸಾಯುತ್ತವೆ ಅಂತ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿದ್ದಾರೆ.

ಇನ್ನು ಸಣ್ಣದರಿಂದ ದೊಡ್ಡದಕ್ಕೆ ಬರೋಣ. ಮೊಲಕ್ಕೆ .22 ಲಾಂಗ್ ರೈಫಲ್ ಸಾಕು. ಅಭ್ಯಾಸಕ್ಕೂ ಅದಕ್ಕಿಂತ ಒಳ್ಳೆಯ ಕಾಡತೂಸಿಲ್ಲ. ಒಂದೇ ರೈಫಲ್ ಅಂತ ಹಠ ಹಿಡಿದಿದ್ದೀರಿ, ಆದರೂ ಮುಂದೆ ಯಾವಾಗಲಾದರೂ ಒಂದು .22 ತಗೊಳ್ಳಿ ಅಂತ ಸೇರಿಸಿಬಿಡುತ್ತೇನೆ. ಕಯೋಟಿಗೆ .223 ಸರಿ.

ಪ್ರಾಂಗ್‌ಹಾರ್ನ್ ಸುಮಾರು 40-55 ಕೆಜಿ ತೂಗುವ ಪ್ರಾಣಿ. ನಮ್ಮ ಕೃಷ್ಣಮೃಗದ ಹಾಗೆ ಬಟ್ಟ ಬಯಲಿನಲ್ಲಿ ಇರುತ್ತದೆ, ಕಣ್ಣು ಬಲು ಚುರುಕು. ಅದಕ್ಕೆ ಶಕ್ತಿ ಬೇಡ, ನೇರವಾಗಿ ಹೋಗುವ ಗುಂಡು ಬೇಕು. .243, 6.5 ಕ್ರೀಡ್‌ಮೂರ್, .270 ಎಲ್ಲ ಚೆನ್ನಾಗಿ ನಡೆಯುತ್ತವೆ. ಬಯಲಿನ ಗಾಳಿ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ ಅನ್ನುವುದು ನೆನಪಿರಲಿ. ಗಾಳಿ ಜೋರಿದ್ದ ದಿನ ದೂರ ಕಡಿಮೆ ಮಾಡಿ, ಅಷ್ಟೇ. ಮ್ಯೂಲ್ ಡಿಯರ್ ಗಂಡು ನಮ್ಮ ಚುಕ್ಕೆ ಜಿಂಕೆಗಿಂತ ದೊಡ್ಡದು, 100 ಕೆಜಿ ದಾಟುವುದೂ ಉಂಟು. ಅದಕ್ಕೂ ಇವೇ ಸಾಕು. ಹಳೆಯ .30-30ರಲ್ಲಿ, 1895ರ ಕಾಡತೂಸಿನಲ್ಲಿ, ಲೆಕ್ಕವಿಲ್ಲದಷ್ಟು ಜಿಂಕೆ ಬಿದ್ದಿವೆ. ಆದರೆ ಅದು ಮರಗಳ ನಡುವಿನ ಹತ್ತಿರದ ಬೇಟೆಗೆ. ಲಿವರ್ ರೈಫಲ್‌ನ ಕೊಳವೆ ಮ್ಯಾಗಜೀನ್‌ನಲ್ಲಿ ಒಂದರ ಮೂತಿ ಮುಂದಿನದರ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗೆ ತಾಗುತ್ತದೆ ಅಂತ ಗುಂಡಿನ ಮೂತಿಯನ್ನು ಚಪ್ಪಟೆ ಮಾಡಿರುತ್ತಾರೆ. ಚಪ್ಪಟೆ ಗುಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. 200 ಗಜಕ್ಕೆಲ್ಲ 1,000 ಅಡಿ-ಪೌಂಡ್‌ಗಿಂತ ಕೆಳಗೆ ಇಳಿದಿರುತ್ತದೆ. ಕೊಲರಾಡೊದ ಬಯಲಿಗೆ ಅದು ಬೇಡ.

ಎಲ್ಕ್ ಬೇರೆ ಮಟ್ಟದ್ದು. ಹೆಣ್ಣು 225 ಕೆಜಿ, ಗಂಡು 300 ದಾಟುತ್ತದೆ. ನಮ್ಮ ದೊಡ್ಡ ಕಡವೆಯ ಗಾತ್ರ ಅಥವಾ ಅದಕ್ಕೂ ಮೇಲೆ. ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯವೇ ನಿಮ್ಮದು. ಇಲ್ಲಿ .243 ಕಾನೂನಿಗೆ ಸರಿಹೋಗುತ್ತದೆ, ಆದರೆ ಹೊಸಬರಿಗೆ ನಾನು ಬೇಡ ಅನ್ನುತ್ತೇನೆ. ಗುಂಡು ಒಂಚೂರು ಮುಂದೆ ಸರಿದು ಭುಜದ ದಪ್ಪ ಮೂಳೆಗೆ ತಾಗಿದರೆ ಅದನ್ನು ದಾಟಿ ಒಳಗೆ ಹೋಗುವ ಗ್ಯಾರಂಟಿ ಕಡಿಮೆ. 6.5 ಕ್ರೀಡ್‌ಮೂರ್ ಗಟ್ಟಿ ಗುಂಡಿನೊಂದಿಗೆ ಆಗುತ್ತದೆ. 7ಎಂಎಂ-08, .270, .308, .30-06 ಯಾವುದಾದರೂ ನಿಶ್ಚಿಂತೆ. ಎಲ್ಕ್‌ನ ಇನ್ನೊಂದು ಗುಣ ಹೇಳಬೇಕು. ಸರಿಯಾಗಿ ಏಟು ಬಿದ್ದರೂ ಏನೂ ಆಗದ ಹಾಗೆ ನಿಂತೇ ಇರುತ್ತದೆ. ತಪ್ಪಿತು ಅಂತ ಸುಮ್ನೆ ನೋಡುತ್ತ ನಿಲ್ಲಬೇಡಿ. ನಿಂತಿರುವವರೆಗೆ, ಸುರಕ್ಷಿತವಾಗಿ ಹೊಡೆಯಬಹುದಾದರೆ ಇನ್ನೊಂದು ಗುಂಡು ಹೊಡೆಯಿರಿ. ಓಡಿ ಮರೆಯಾದರೆ ಅರ್ಧ ಗಂಟೆಯಾದರೂ ಕಾದು, ಆಮೇಲೆ ರಕ್ತದ ಜಾಡು ಹಿಡಿದು ಹೋಗಿ.

ಇಷ್ಟು ಸಾಧಾರಣ ಕಾಡತೂಸು ಅಷ್ಟು ದೊಡ್ಡ ಪ್ರಾಣಿಗೆ ಸಾಕಾ ಅನ್ನುವ ಅನುಮಾನ ಇನ್ನೂ ಇದ್ದರೆ ಸ್ವೀಡನ್, ನಾರ್ವೆ ಕಡೆ ನೋಡಿ. ಅಲ್ಲಿ ನೂರು ವರ್ಷಕ್ಕೂ ಮೇಲೆ ಹಳೆಯ 6.5x55 ಕಾಡತೂಸಿನಲ್ಲಿ ಮೂಸ್ ಹೊಡೆಯುತ್ತಿದ್ದಾರೆ. 6.5 ಕ್ರೀಡ್‌ಮೂರ್ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಹಾಗೆಯೇ 7ಎಂಎಂ-08ರ ಸರಿಸಮ 7x57 ಮೌಸರ್, 1892ರ ಕಾಡತೂಸು. ಬ್ರಿಟಿಷರ ಕಾಲದ ಇಂಡಿಯಾದಲ್ಲಿ ಅದು .275 ರಿಗ್ಬಿ ಅನ್ನುವ ಹೆಸರಲ್ಲಿ ಓಡಾಡಿತು. ಹಾಗಾದರೆ ದೊಡ್ಡ ಕಾಡತೂಸು ಯಾರಿಗೆ ಬೇಕು? ಅಲಾಸ್ಕಾದ ಕಂದು ಕರಡಿಗೆ ಹೋಗುವವರಿಗೆ .338 ವಿನ್‌ಚೆಸ್ಟರ್ ಮ್ಯಾಗ್ನಮ್ ಬೇಕು, ಅಥವಾ 1912ರ .375 ಎಚ್ ಆಂಡ್ ಎಚ್. ಆಫ್ರಿಕಾದ ಕಾಡೆಮ್ಮೆಗೂ ಆ .375 ಬೇಕು. ಅಲ್ಲಿ ಪ್ರಾಣಿ ವಾಪಸ್ ಮೈಮೇಲೆ ಬರಬಹುದು, ಬಂದರೆ ಅಲ್ಲೇ ನಿಲ್ಲಿಸಬೇಕು. .300 ಮ್ಯಾಗ್ನಮ್ ಈ ದೊಡ್ಡ ಕಾಡತೂಸುಗಳಿಗೂ ನಾನು ಹೇಳಿದ ಸಾಧಾರಣದವಕ್ಕೂ ನಡುವಿನದು. ವರ್ಷವಿಡೀ ಅಭ್ಯಾಸ ಮಾಡಿ, ತೆರೆದ ಬೆಟ್ಟದ ಇಳಿಜಾರಿನಲ್ಲಿ 400 ಗಜದಾಚೆ ಹೊಡೆಯುವ ಅನುಭವಿಗಳ ಕಾಡತೂಸು. ಅದನ್ನು ಕೊಂಡ ಹೊಸಬರು ಎರಡು ಡಬ್ಬ ಮುಗಿಸಿ ರೇಂಜ್‌ಗೆ ಹೋಗುವುದನ್ನೇ ಬಿಡುತ್ತಾರೆ.

7ಎಂಎಂ-08ರ ದೊಡ್ಡ ಕೊರತೆಯನ್ನೂ ಹೇಳಿಬಿಡಬೇಕು. .308, 6.5 ಕ್ರೀಡ್‌ಮೂರ್ ಸಿಗುವಷ್ಟು ಸುಲಭವಾಗಿ ಅದು ಸಿಗುವುದಿಲ್ಲ. ಕೊಲರಾಡೊದ ಕ್ರೇಗ್, ಮೀಕರ್‌ನಂಥ ಸಣ್ಣ ಊರುಗಳಲ್ಲಿ ಸೀಸನ್ ಹಿಂದಿನ ರಾತ್ರಿ ಹುಡುಕಿದರೆ ಕೈಬೀಸಿಕೊಂಡು ಬರಬೇಕಾಗಬಹುದು. ಬೇಸಿಗೆಯಲ್ಲೇ ಒಂದೇ ತರದ ಗುಂಡಿನ ನಾಲ್ಕೈದು ಡಬ್ಬ ತಂದಿಟ್ಟುಕೊಳ್ಳಿ. ಇದು ತಲೆನೋವು ಅನ್ನಿಸಿದರೆ 6.5 ಕ್ರೀಡ್‌ಮೂರ್‌ಗೆ ಹೋಗಿ, ಎಲ್ಕ್‌ಗೆ ಬಾಂಡೆಡ್ ಅಥವಾ ತಾಮ್ರದ ಗುಂಡು ಹಾಕಿ, 250 ಗಜದ ಒಳಗೆ ಹೊಡೆಯಿರಿ. .308 ಮೂರನೆಯ ಆಯ್ಕೆ. ನೀವೊಬ್ಬರೇ ಆಗಿದ್ದರೆ ಅದನ್ನೇ ಮೊದಲು ಹೇಳುತ್ತಿದ್ದೆ.

ರೈಫಲ್ ಯಾವುದು ಅನ್ನುವುದಕ್ಕಿಂತ ಅದರ ಹಿಂಬದಿಯ, ಅಂದರೆ ಭುಜಕ್ಕೆ ಆನಿಸುವ ಭಾಗದ, ಉದ್ದ ಮುಖ್ಯ. ನಿಮ್ಮ ಅಳತೆಗೆ ಸರಿಯಾದದ್ದು ನಿಮ್ಮ ಹೆಂಡತಿಗೆ ಉದ್ದವಾಗುತ್ತದೆ. ಆಗ ಅವರ ಕಣ್ಣು ಸ್ಕೋಪ್‌ಗೆ ಸರಿಯಾಗಿ ಕೂರುವುದಿಲ್ಲ, ಒದೆತವೂ ಜಾಸ್ತಿ ಅನ್ನಿಸುತ್ತದೆ. ನಡುವೆ ತುಂಡುಗಳನ್ನು ಹಾಕಿ ತೆಗೆದು ಉದ್ದ ಬದಲಿಸಬಹುದಾದ ಬೋಲ್ಟ್ ಆಕ್ಷನ್ ರೈಫಲ್‌ಗಳು ಸಿಗುತ್ತವೆ, ಅಂಥದ್ದನ್ನೇ ಕೇಳಿ. ಅವರ ಅಳತೆಗೆ ಕೂರಿಸಿ, ನೀವು ಹೊಂದಿಕೊಳ್ಳಿ. ಗಿಡ್ಡ ಹಿಂಬದಿಯ ರೈಫಲ್‌ನಲ್ಲಿ ಎತ್ತರದವರು ಹೊಡೆಯಬಹುದು, ಉದ್ದದ್ದರಲ್ಲಿ ಗಿಡ್ಡದವರಿಗೆ ಕಷ್ಟ. ಸ್ಕೋಪ್ ಅನ್ನು 200 ಗಜಕ್ಕೆ ಸರಿಮಾಡಿ. 100 ಗಜದಲ್ಲಿ ಗುಂಡು ಎರಡು ಅಂಗುಲದಷ್ಟು ಮೇಲೆ ಬೀಳುತ್ತದೆ, ಅದು ಪರವಾಗಿಲ್ಲ. ಇಬ್ಬರೂ ಬೆಂಚಿನ ಮೇಲಿಂದ ಮಾತ್ರ ಹೊಡೆಯದೆ ಕೂತು, ಮಂಡಿಯೂರಿ, ಕೋಲಿಗೆ ಆನಿಸಿ ಹೊಡೆದು ನೋಡಿ. ಯಾವ ದೂರದಲ್ಲಿ ಪ್ರತಿ ಗುಂಡೂ ಊಟದ ತಟ್ಟೆಯಷ್ಟು ಅಗಲದೊಳಗೆ ಬೀಳುತ್ತದೋ ಅದೇ ನಿಮ್ಮ ದೂರ. ನಿಮ್ಮದು 200, ಅವರದು 150 ಆದರೆ ಹಾಗೇ ಇರಲಿ.

ನಳಿಗೆಯ ಮೇಲೆ ಕೆತ್ತಿದ ಹೆಸರೂ ಡಬ್ಬದ ಮೇಲಿನ ಹೆಸರೂ ಅಕ್ಷರ ಅಕ್ಷರ ಒಂದೇ ಇರಬೇಕು. ಗೆಳೆಯರ ಜೊತೆ ಒಂದೇ ಬೆಂಚಿನಲ್ಲಿ ಹೊಡೆಯುವಾಗ ಇದು ಇನ್ನೂ ಮುಖ್ಯ. .300 ಬ್ಲ್ಯಾಕ್‌ಔಟ್ ಕಾಡತೂಸು .223 ರೈಫಲ್‌ನೊಳಗೆ ಕೂತುಬಿಡುತ್ತದೆ, ಟ್ರಿಗರ್ ಒತ್ತಿದರೆ ರೈಫಲ್ಲೇ ಸಿಡಿಯುತ್ತದೆ.

ಕೊನೆಗೆ ವೀಸಾ. ಎಚ್-1ಬಿ, ಎಚ್-4ನಂಥ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಅಮೆರಿಕದ ಕೇಂದ್ರ ಕಾನೂನು. ಅದರಲ್ಲೇ ಇರುವ ಒಂದು ವಿನಾಯಿತಿ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ. ಕೋರ್ಸ್ ಮುಗಿಸಿದ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ಅಂಗಡಿ. ನಿಮ್ಮದು ನಿಮಗೆ, ನಿಮ್ಮ ಹೆಂಡತಿಯದು ಅವರಿಗೆ ಬೇರೆ ಬೇಕು. ಅವಧಿ ಮುಗಿಯುವ ಮೊದಲೇ ಹೊಸದು ಮಾಡಿಸಿ, ಮುಗಿದ ಲೈಸೆನ್ಸ್ ಇಟ್ಟುಕೊಂಡು ರೈಫಲ್ ಮನೆಯಲ್ಲಿದ್ದರೆ ವೀಸಾಗೇ ಕುತ್ತು. ಗ್ರೀನ್ ಕಾರ್ಡ್ ಬಂದವರಿಗೆ ಈ ತಾಪತ್ರಯ ಇಲ್ಲ. ವಕೀಲರಿಗೆ ಒಂದು ಮಾತು ಕೇಳಿಕೊಂಡೇ ಮುಂದುವರಿಯಿರಿ. ಕೊಲರಾಡೊದಲ್ಲಿ ಹಣ ಕಟ್ಟಿದ ದಿನವೇ ರೈಫಲ್ ಕೈಗೆ ಕೊಡುವುದಿಲ್ಲ, ಮೂರು ದಿನ ಕಾಯಬೇಕು.

ಬೇಟೆಗೆ ಒಯ್ದ ಬ್ಯಾಗನ್ನು ಊರಿಗೆ ಹೋಗುವಾಗ ಬಳಸಬೇಡಿ. ಬದಿಯ ಜೇಬಿನಲ್ಲಿ ಮರೆತ ಒಂದೇ ಒಂದು ಕಾಡತೂಸಿಗೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕಿಸಿಕೊಂಡವರಿದ್ದಾರೆ. ಊರಲ್ಲಿ ನಿಮ್ಮ ಮನೆಯ ಕೋವಿಗೆ ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ಇದ್ದರೂ, ಅದು ಬೆಂಗಳೂರಿನ ಏರ್‌ಪೋರ್ಟ್‌ನಲ್ಲಿ ಈ ಕಾಡತೂಸಿಗೆ ಲೈಸೆನ್ಸ್ ಆಗುವುದಿಲ್ಲ. ಬೇಟೆಯ ಸಾಮಾನಿಗೆ ಬೇರೆಯೇ ಬ್ಯಾಗ್ ಇಡಿ.